ಏಣಿಯೂ ಮೆಲುಕೂ: ಎರಡನೆಯ ಗೀಗೋವಿನ ಪತ್ರದ ಒಂದು ವಿಮರ್ಶೆ

ಕ್ರಿಸ್ತಶಕ ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ, ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಪ್ರಾಂತದಲ್ಲಿರುವ ಗ್ರಾಂದ್ ಷಾರ್ತ್ರೂಸ್ ಮಠದ ಸನ್ಯಾಸಿಯೊಬ್ಬನು ತನ್ನ ಸಹೋದರ ಸನ್ಯಾಸಿಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಪತ್ರವನ್ನು ಬರೆದನು. ಬರೆದವನ ಹೆಸರು ಗೀಗೋ. ಪಡೆದವನ ಹೆಸರು ಜೆರ್ವೇಸ್. ಪತ್ರವು ಚಿಕ್ಕದು, ಅಚ್ಚಿನಲ್ಲಿ ಸುಮಾರು ಹತ್ತು ಅಂಕಣಗಳನ್ನು ಮಾತ್ರ ತುಂಬುವುದು. ಆದರೂ ಕ್ರೈಸ್ತನು ತನ್ನ ಶಾಸ್ತ್ರವನ್ನು ಓದಿ ಪ್ರಾರ್ಥಿಸುವ ಬಗೆಯನ್ನು ಕುರಿತು ಪಶ್ಚಿಮ ಯೂರೋಪಿನಲ್ಲಿ ಹುಟ್ಟಿದ ಬರೆವಣಿಗೆಗಳಲ್ಲಿ ಇದರಷ್ಟು ದೂರ ಸಂಚರಿಸಿದವು ವಿರಳ. ಇಂದು ಪ್ರಾರ್ಥನಾವಿಧಾನವನ್ನು ಬೋಧಿಸುವ ಕೈಪಿಡಿಗಳಲ್ಲಿ ಹಲವು ಈ ಪತ್ರದ ನಾಲ್ಕು ಪದಗಳನ್ನೇ ಆಧಾರವಾಗಿ ಇಟ್ಟುಕೊಂಡಿವೆ. ಆ ನಾಲ್ಕು ಪದಗಳು ಪ್ರಸಿದ್ಧವಾದಷ್ಟು ಪತ್ರವು ಪರಿಚಿತವಾಗಿಲ್ಲ. ಪದಗಳು ಪತ್ರವನ್ನು ಬಿಟ್ಟು ಸಂಚರಿಸಿದುದರಿಂದ ಅವುಗಳ ಅರ್ಥಕ್ಕೆ ಒದಗಿದ ಹಾನಿಯೇನೆಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಗ್ರಂಥಕರ್ತನ ವಿಷಯದಲ್ಲಿ ಕೆಲವು ಮಾತುಗಳು ಅವಶ್ಯಕ. ಷಾರ್ತ್ರೂಸ್ ಆಶ್ರಮವನ್ನು ೧೦೮೪ರಲ್ಲಿ ಸ್ಥಾಪಿಸಿದವನು ಬ್ರೂನೋ. ಅಲ್ಲಿಯ ಆಚಾರಸಂಹಿತೆಯನ್ನು ಬರೆದ ಗೀಗೋ ಐದನೆಯ ಅಧ್ಯಕ್ಷನು. ಅವನನ್ನು ಮೊದಲನೆಯ ಗೀಗೋ ಎನ್ನುವರು. ಪತ್ರವನ್ನು ಬರೆದವನು ಒಂಬತ್ತನೆಯ ಅಧ್ಯಕ್ಷನಾದ ಎರಡನೆಯ ಗೀಗೋ. ೧೧೮೦ರ ವೇಳೆಗೆ ಅವನ ಅಧಿಕಾರಾವಧಿಯು ಮುಗಿಯಿತು. ಇಬ್ಬರನ್ನೂ ಒಬ್ಬನೆಂದು ಭ್ರಮಿಸಿದವರು ಇಲ್ಲದಿಲ್ಲ. ಇದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಈ ಪತ್ರವು ಬಹುಕಾಲ ಕರ್ತೃವಿನ ಹೆಸರಿನಲ್ಲಿಯೇ ಸಂಚರಿಸಲಿಲ್ಲ. ಒಂದು ಕಡೆ ಅದು ಸಂತ ಬರ್ನಾರ್ಡನ ಕೃತಿಯೆಂದೂ ಮತ್ತೊಂದು ಕಡೆ ಸಂತ ಅಗಸ್ಟೀನನ ಕೃತಿಯೆಂದೂ ಪರಿಗಣಿತವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೀನ್ ಎಂಬ ಪಂಡಿತನು ಅಚ್ಚುಹಾಕಿಸಿದ ಲ್ಯಾಟಿನ್ ಧರ್ಮಪಿತೃಗಳ ಗ್ರಂಥಮಾಲೆಯಲ್ಲಿ ಇದು ಎರಡು ಸಂಪುಟಗಳಲ್ಲಿ ಸಿಕ್ಕುವುದು: ೪೦ನೆಯದರಲ್ಲಿ ಅಗಸ್ಟೀನನೊಡನೆ, ೧೮೪ನೆಯದರಲ್ಲಿ ಬರ್ನಾರ್ಡನೊಡನೆ. ಕಾಲೆಜ್ ಮತ್ತು ವಾಲ್ಷ್ ಎಂಬ ವಿದ್ವಾಂಸರಿಬ್ಬರು ಹಸ್ತಪ್ರತಿಗಳನ್ನು ತಾಳೆ ನೋಡಿ ೧೯೭೦ರಲ್ಲಿ ಪ್ಯಾರಿಸಿನಿಂದ ಪ್ರಕಟಿಸಿದ ಶುದ್ಧಪಾಠವೇ ಈಗ ಪ್ರಮಾಣವಾಗಿದೆ. ಮೌನವ್ರತಿಯಾದ ಸನ್ಯಾಸಿಯ ಪತ್ರವು ಇಬ್ಬರು ಮಹಾವಾಗ್ಮಿಗಳ ಹೆಸರಿನಲ್ಲಿ ಉಳಿದುಬಂದಿತೆಂಬುದು ಒಂದು ಬಗೆಯ ವಿನೋದವೇ ಸರಿ.

ಪತ್ರದ ಪ್ರಸ್ತಾವನೆ ಹೀಗಿದೆ. ಒಂದು ದಿನ ಕೈಕೆಲಸದಲ್ಲಿ ತೊಡಗಿದ್ದಾಗ ಗೀಗೋವಿಗೆ ಆತ್ಮಸಾಧನೆಯ ವಿಷಯವಾಗಿ ಆಲೋಚನೆ ಹುಟ್ಟಿತು. ಆಗ ನಾಲ್ಕು ಮೆಟ್ಟಿಲುಗಳು ಫಕ್ಕನೆ ಮನಸ್ಸಿಗೆ ಹೊಳೆದುವು. ಅವು ಲೆಕ್ತಿಯೋ, ಮೆದಿತಾತಿಯೋ, ಒರಾತಿಯೋ, ಕಾಂತೆಂಪ್ಲಾತಿಯೋ. ಮೊದಲನೆಯ ಮೂರನ್ನು ಪಠನ, ಮನನ, ಪ್ರಾರ್ಥನೆ ಎಂದು ಕನ್ನಡಿಸುವುದರಲ್ಲಿ ಹೆಚ್ಚಿನ ತೊಡಕಿಲ್ಲ. ನಾಲ್ಕನೆಯದಕ್ಕೆ ಧ್ಯಾನವೆನ್ನುವ ವಾಡಿಕೆಯುಂಟು; ಆದರೆ ಧ್ಯಾನವು ಸಾಧಕನ ಪ್ರಯತ್ನವನ್ನು ಸೂಚಿಸುವ ಮಾತು. ಗೀಗೋವಿನ ನಾಲ್ಕನೆಯ ಮೆಟ್ಟಿಲಾದರೋ ಪ್ರಯತ್ನವಲ್ಲ, ಬಂದುದನ್ನು ಅನುಭವಿಸುವ ಸ್ಥಿತಿ. ಆದುದರಿಂದ ಈ ಲೇಖನದಲ್ಲಿ ಅದನ್ನು ದರ್ಶನವೆಂದು ಕರೆಯಲಾಗಿದೆ. ಮೆಟ್ಟಿಲುಗಳ ಲಕ್ಷಣವನ್ನು ಹೇಳಿದ ಕೂಡಲೇ ಗೀಗೋ ಮತ್ತೊಂದು ರೂಪಕಕ್ಕೆ ಹಾರುವನು: ಪಠನವು ಆಹಾರವನ್ನು ಬಾಯಿಗೆ ಇಡುವುದು, ಮನನವು ಅದನ್ನು ಅಗಿದು ನುರಿಸುವುದು, ಪ್ರಾರ್ಥನೆಯು ಅದರ ಸವಿಯನ್ನು ಹೊರತರುವುದು; ದರ್ಶನವೆಂಬುದು ಆ ಸವಿಯೇ ಆಗಿರುವುದು.

ಇಲ್ಲಿಯೇ ವಿಮರ್ಶಕನು ನಿಂತು ನೋಡಬೇಕಾದ ಸ್ಥಳ. ಒಂದೇ ವಿಷಯಕ್ಕೆ ಎರಡು ರೂಪಕಗಳು ಬಂದಿವೆ. ಅವೆರಡರ ನಡೆ ಒಂದೇ ಅಲ್ಲ. ಏಣಿಯ ಮೇಲೆ ಹತ್ತುವವನು ಕೆಳಗಿನ ಮೆಟ್ಟಿಲನ್ನು ಬಿಟ್ಟಲ್ಲದೆ ಮೇಲಿನದನ್ನು ಸೇರಲಾರನು. ಮೇಲೆ ಸೇರಿದವನಿಗೆ ಕೆಳಗಿನದು ಬೇಕಿಲ್ಲ. ಊಟದ ಕ್ರಮ ಹಾಗಲ್ಲ. ಇಂದು ಉಂಡವನು ನಾಳೆಯೂ ಉಣ್ಣಬೇಕು. ಸವಿಯನ್ನು ಅರಿತವನೂ ಮತ್ತೆ ತುತ್ತನ್ನು ಬಾಯಿಗೆ ಇಡಬೇಕು, ಮತ್ತೆ ಅಗಿಯಬೇಕು. ಏಣಿಯು ಒಮ್ಮೆ ಮುಗಿಯುವ ಪ್ರಯಾಣವನ್ನು ಸೂಚಿಸಿದರೆ ಊಟವು ಎಂದಿಗೂ ಮುಗಿಯದ ದಿನಚರಿಯನ್ನು ಸೂಚಿಸುತ್ತದೆ. ಗ್ರಂಥಕ್ಕೆ ಹೆಸರನ್ನು ಕೊಟ್ಟದ್ದು ಏಣಿ. ಮಠವಾಸಿಗಳ ಏಣಿ ಎಂಬ ಹೆಸರಿನಿಂದಲೇ ಅದು ಪ್ರಸಿದ್ಧವಾಯಿತು. ಆದರೆ ಗ್ರಂಥದ ಜೀವವು ಇರುವುದು ಊಟದ ರೂಪಕದಲ್ಲಿ. ಏಣಿಯನ್ನು ಮಾತ್ರ ಹಿಡಿದವರು ಗೀಗೋವಿನ ಮಾತನ್ನು ಅರ್ಧ ಕೇಳಿದವರು. ಅದರ ಫಲವಾಗಿ, ಪ್ರಾರ್ಥಿಸುವ ಸಾಮಾನ್ಯ ಮನುಷ್ಯನು ತಾನು ಎಷ್ಟನೆಯ ಮೆಟ್ಟಿಲಲ್ಲಿ ಇರುವೆನೆಂದು ಲೆಕ್ಕ ಹಾಕುತ್ತಾ, ಕೆಳಗಿಳಿದಾಗಲೆಲ್ಲ ತಾನು ಸೋತೆನೆಂದು ಕುಗ್ಗುವಂತಾಯಿತು.

ಊಟದ ರೂಪಕವು ಗೀಗೋವಿನ ಸ್ವಂತ ಕಲ್ಪನೆಯಲ್ಲ. ಅದರ ಬೇರುಗಳು ಓದುವಿಕೆಯ ಒಂದು ಪ್ರಾಚೀನ ಪದ್ಧತಿಯಲ್ಲಿವೆ. ಆರನೆಯ ಶತಮಾನದ ಬೆನೆಡಿಕ್ಟನ ಮಠನಿಯಮದ ೪೮ನೆಯ ಅಧ್ಯಾಯವು ದಿನದ ಹೊತ್ತುಗಳನ್ನು ಕೈಕೆಲಸಕ್ಕೂ ದೈವಿಕ ಪಠನಕ್ಕೂ ಹಂಚುತ್ತದೆ. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಯಾರಾದರೂ ಓದಬಯಸಿದರೆ ಮಲಗಿದವರಿಗೆ ತೊಂದರೆಯಾಗದಂತೆ ಓದಬೇಕೆಂದು ಅಲ್ಲಿ ವಿಧಿಸಿದೆ. ಓದು ಸ್ವಭಾವತಃ ಸದ್ದುಳ್ಳದ್ದಾಗಿರದಿದ್ದರೆ ಈ ವಿಧಿಯು ನಿರರ್ಥಕವಾಗುತ್ತಿತ್ತು. ಅದೇ ಅಧ್ಯಾಯದಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸಕಾಲದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಪುಸ್ತಕವನ್ನು ಕೊಟ್ಟು ಮೊದಲಿನಿಂದ ಕೊನೆಯವರೆಗೆ ಬಿಡದೆ ಓದಬೇಕೆಂದೂ, ಓದುವ ಹೊತ್ತಿನಲ್ಲಿ ಹಿರಿಯರು ಒಬ್ಬಿಬ್ಬರು ಸುತ್ತಾಡಿ ಯಾರಾದರೂ ಬೇಸರದಿಂದ ಹರಟುತ್ತಿರುವರೇ ಎಂದು ನೋಡಬೇಕೆಂದೂ ಹೇಳಿದೆ. ಸನ್ಯಾಸಿಗಳಿಗೂ ಶಾಸ್ತ್ರಪಠನದಲ್ಲಿ ಬೇಸರ ಬರುತ್ತಿತ್ತೆಂಬುದು ಗೃಹಸ್ಥರಿಗೆ ಸಮಾಧಾನವನ್ನು ತರಬಹುದಾದ ಸಂಗತಿ. ತುಟಿಯಾಡದೆ ಓದುವುದು ಹಿಂದೆ ಎಷ್ಟು ಅಪರೂಪವಾಗಿ ತೋರಿತೆಂಬುದಕ್ಕೆ ಅಗಸ್ಟೀನನ ಆತ್ಮನಿವೇದನೆಯ ಆರನೆಯ ಭಾಗವೇ ಸಾಕ್ಷಿ. ಬಿಷಪ್ ಆಂಬ್ರೋಸನು ಕಣ್ಣಿನಿಂದ ಮಾತ್ರ ಓದುತ್ತಿದ್ದುದನ್ನು ಕಂಡು ಅಗಸ್ಟೀನನು ಅದಕ್ಕೆ ಕಾರಣಗಳನ್ನು ಊಹಿಸಲು ತೊಡಗುವನು. ಓದು ಬಾಯಿಯ ಕೆಲಸವಾಗಿದ್ದ ಕಾಲದಲ್ಲಿ ಅದನ್ನು ಊಟಕ್ಕೆ ಹೋಲಿಸಿದುದು ಅಲಂಕಾರವೆನ್ನುವುದಕ್ಕಿಂತ ವರ್ಣನೆಯೆಂದೇ ಹೇಳಬಹುದು.

ಈ ಜಾಡನ್ನು ಹಿಡಿದು ಇನ್ನೂ ಹಿಂದಕ್ಕೆ ಹೋದರೆ ಹೀಬ್ರೂ ಮೂಲವು ಸಿಕ್ಕುವುದು. ಒಂದನೆಯ ಕೀರ್ತನೆಯಲ್ಲಿ ಹಗಲಿರುಳು ಧರ್ಮಶಾಸ್ತ್ರದಲ್ಲಿ ನಿರತನಾದವನನ್ನು ವರ್ಣಿಸುವ ಕ್ರಿಯಾಪದವು ಹಾಗಾ ಎಂಬುದು. ಅದರ ಮೂಲಾರ್ಥವು ಗೊಣಗುವುದು, ಮೆಲುದನಿಯಲ್ಲಿ ನುಡಿಯುವುದು. ಯೆಶಾಯನ ಗ್ರಂಥದ ೩೧ನೆಯ ಅಧ್ಯಾಯದಲ್ಲಿ ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ, ೩೮ನೆಯ ಅಧ್ಯಾಯದಲ್ಲಿ ಕೊರಗುವ ಪಾರಿವಾಳಕ್ಕೂ ಇದೇ ಪದವು ಪ್ರಯುಕ್ತವಾಗಿದೆ. ಯೆಹೋಶುವನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಶಾಸ್ತ್ರವು ಬಾಯಿಂದ ದೂರವಾಗಬಾರದೆಂಬ ವಿಧಿಯೊಡನೆಯೇ ಇದು ಬಂದಿರುವುದರಿಂದ ಸಂದೇಹಕ್ಕೆ ಎಡೆಯಿಲ್ಲ. ಎರಡನೆಯ ಕೀರ್ತನೆಯ ಆರಂಭದಲ್ಲಿ ಜನಾಂಗಗಳು ವ್ಯರ್ಥವಾದುದನ್ನು ಯೋಚಿಸುವುದೂ ಇದೇ ಪದದಿಂದಲೇ: ಮೊದಲನೆಯ ಕೀರ್ತನೆಯ ಸಜ್ಜನನೂ ಗೊಣಗುವನು, ಎರಡನೆಯ ಕೀರ್ತನೆಯ ದಂಗೆಕೋರರೂ ಗೊಣಗುವರು, ಗೊಣಗುವ ವಸ್ತುವಿನಲ್ಲಿ ಭೇದ. ಅಕ್ಕಪಕ್ಕದ ಎರಡು ಕೀರ್ತನೆಗಳ ಈ ಇದಿರುಬದಿರು ಭಾಷಾಂತರಗಳಲ್ಲಿ ಬಹುಮಟ್ಟಿಗೆ ಮರೆಯಾಗಿಬಿಡುತ್ತದೆ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಇಡೀ ಬೈಬಲು ೧೮೩೧ರಲ್ಲಿ ಕನ್ನಡಕ್ಕೆ ಬಂದಿತು. ಅನಂತರ ಪರಿಷ್ಕೃತವಾಗಿ ಬಳಕೆಗೆ ಬಂದ ಕನ್ನಡ ಬೈಬಲಿನಲ್ಲಿ ಒಂದನೆಯ ಕೀರ್ತನೆಯ ಆ ಪದಕ್ಕೆ ಧ್ಯಾನಿಸುವುದೆಂಬ ಮಾತನ್ನು ಇಟ್ಟಿದ್ದಾರೆ. ಗಾಂಭೀರ್ಯದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಧ್ಯಾನವೆಂದೊಡನೆ ಕನ್ನಡಿಗನ ಕಣ್ಣಮುಂದೆ ನಿಲ್ಲುವುದು ಪದ್ಮಾಸನ, ಮುಚ್ಚಿದ ಕಣ್ಣು, ಅಲುಗದ ತುಟಿ. ಮೂಲದಲ್ಲಿರುವುದು ಅಲುಗುವ ತುಟಿ. ಹಾಗಾದರೆ ಕನ್ನಡದಲ್ಲಿ ಮೂಲಾರ್ಥಕ್ಕೆ ಹತ್ತಿರವಾದ ಮಾತು ಇಲ್ಲವೇ ಎಂದರೆ, ಉಂಟು. ಅದು ಅದೇ ಬೈಬಲಿನಲ್ಲಿಯೇ ಬೇರೊಂದು ಕಡೆ ಕುಳಿತಿದೆ. ಯಾಜಕಕಾಂಡದ ೧೧ನೆಯ ಅಧ್ಯಾಯದಲ್ಲಿ ಶುದ್ಧಪ್ರಾಣಿಗಳ ಲಕ್ಷಣವನ್ನು ಹೇಳುವಾಗ ಮೆಲುಕು ಹಾಕುವುದೆಂಬ ಮಾತು ಬಂದಿದೆ. ಮೆಲ್ ಎಂಬ ಧಾತುವಿಗೆ ಅಗಿಯುವುದೆಂದು ಅರ್ಥ. ನೆನಪನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳುವುದಕ್ಕೂ ಕನ್ನಡಿಗರು ಮೆಲುಕು ಹಾಕುವುದೆಂದೇ ಹೇಳುವರು. ಲ್ಯಾಟಿನಿನ ರೂಮಿನಾತಿಯೋ ಎಂಬ ಪದಕ್ಕೂ ಈ ಎರಡು ಅರ್ಥಗಳೇ ಇರುವುವು. ಮೆಲುಕು ಹಾಕುವ ಶುದ್ಧಪ್ರಾಣಿಯೆಂದರೆ ಶಾಸ್ತ್ರವಾಕ್ಯವನ್ನು ಮನಸ್ಸಿನಲ್ಲಿ ಹೊರಳಿಸುವ ಭಕ್ತನೆಂದು ಹಿಂದಿನ ಕ್ರೈಸ್ತ ವ್ಯಾಖ್ಯಾನಕಾರರು ವಿವರಿಸಿರುವರು. ಇಂಗ್ಲೆಂಡಿನ ಇತಿಹಾಸಕಾರ ಬೀಡನು ಎಂಟನೆಯ ಶತಮಾನದಲ್ಲಿ ಕ್ಯಾಡ್ಮನ್ ಎಂಬ ಕವಿಯ ವಿಷಯವನ್ನು ಹೇಳುವಾಗ, ದನಕಾಯುತ್ತಿದ್ದ ಆ ನಿರಕ್ಷರಿಯು ಕೇಳಿದ ಶಾಸ್ತ್ರಕಥೆಗಳನ್ನೆಲ್ಲ ಶುದ್ಧಪ್ರಾಣಿಯಂತೆ ಮೆಲುಕು ಹಾಕಿ ಹಾಡಾಗಿ ಮಾರ್ಪಡಿಸಿದನೆಂದು ಬರೆದಿರುವನು. ದನಕಾಯುವವನಿಗೆ ಈ ಹೋಲಿಕೆಯು ಎಷ್ಟು ಸಹಜವಾಗಿದೆ! ಗಮಕಿಯ ಬಾಯಲ್ಲಿ ಭಾರತವನ್ನು ಕೇಳಿ ಮರುದಿನ ಹೊಲದಲ್ಲಿ ಅದನ್ನೇ ಗುನುಗಿಕೊಳ್ಳುವ ಜನರ ನಾಡಿನಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಇನ್ನು ಗೀಗೋ ತನ್ನ ವಿಧಾನವನ್ನು ಪ್ರಯೋಗಿಸಿ ತೋರಿಸುವ ಭಾಗವನ್ನು ನೋಡಬಹುದು. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಹೃದಯಶುದ್ಧಿಯುಳ್ಳವರು ಧನ್ಯರೆಂದೂ ಅವರಿಗೆ ದೇವದರ್ಶನವಾಗುವುದೆಂದೂ ಹೇಳುವ ವಾಕ್ಯವನ್ನು ಅವನು ಆರಿಸಿಕೊಂಡಿದ್ದಾನೆ. ಆ ಚಿಕ್ಕ ವಾಕ್ಯವು ಬಾಯಿಗೆ ಇಟ್ಟ ದ್ರಾಕ್ಷಿಹಣ್ಣಿನಂತೆ. ಮನನವು ಅದನ್ನು ಅಗಿಯಲು ತೊಡಗುತ್ತದೆ: ದೇಹಶುದ್ಧಿ ಎನ್ನದೆ ಹೃದಯಶುದ್ಧಿ ಎಂದುದೇಕೆ? ಕೈಯಿಂದ ಪಾಪಮಾಡದಿದ್ದರೆ ಸಾಲದೇ? ಒಡನೆ ೨೪ನೆಯ ಕೀರ್ತನೆಯು ನೆನಪಿಗೆ ಬರುತ್ತದೆ; ಅಲ್ಲಿ ದೇವರ ಬೆಟ್ಟವನ್ನು ಹತ್ತುವವನಿಗೆ ಶುದ್ಧಹಸ್ತದೊಡನೆ ಶುದ್ಧಹೃದಯವೂ ಬೇಕೆಂದಿದೆ. ಅಲ್ಲಿಂದ ೫೧ನೆಯ ಕೀರ್ತನೆಗೆ. ನಿರ್ಮಲಹೃದಯವನ್ನು ದೇವರೇ ಸೃಷ್ಟಿಸಬೇಕೆಂದು ದಾವೀದನು ಬೇಡಿದವನಲ್ಲವೇ? ಅಲ್ಲಿಂದ ಯೋಬನಿಗೆ, ಅವನು ತನ್ನ ಕಣ್ಣುಗಳೊಡನೆ ಒಪ್ಪಂದ ಮಾಡಿಕೊಂಡವನು. ಹೀಗೆ ಒಂದು ವಾಕ್ಯವು ಮತ್ತೊಂದನ್ನು ಕರೆಯುತ್ತಾ ಹೋಗುತ್ತದೆ. ಮನನವೆಂದರೆ ಮನಸ್ಸು ತನ್ನಷ್ಟಕ್ಕೆ ತಾನು ಅಲೆಯುವುದಲ್ಲ, ಶಾಸ್ತ್ರವು ಶಾಸ್ತ್ರಕ್ಕೆ ಉತ್ತರ ಕೊಡುವುದನ್ನು ಕೇಳುವುದು ಎಂಬ ತತ್ತ್ವವು ಇಲ್ಲಿ ಉಪದೇಶವಿಲ್ಲದೆಯೇ ಮನದಟ್ಟಾಗುವುದು. ಪತ್ರದ ಅತ್ಯುತ್ತಮ ಪುಟಗಳಲ್ಲಿ ಇದೊಂದು.

ಆದರೆ ದೋಷವೂ ಇಲ್ಲಿಯೇ ಇದೆ. ಈ ಸರಪಣಿಯ ಕೊಂಡಿಗಳು ಗೀಗೋವಿಗೆ ಎಲ್ಲಿಂದ ಬಂದುವು? ಪುಸ್ತಕವನ್ನು ಹುಡುಕಿದುದರಿಂದಲ್ಲ, ಕಂಠಪಾಠದಿಂದ. ಬೆನೆಡಿಕ್ಟನ ನಿಯಮದಂತೆ ೧೫೦ ಕೀರ್ತನೆಗಳನ್ನೂ ವಾರಕ್ಕೊಮ್ಮೆ ಹಾಡಿ ಮುಗಿಸುವುದು ಪಶ್ಚಿಮದ ಮಠಗಳ ಪದ್ಧತಿ. ವರ್ಷಗಟ್ಟಲೆ ಹೀಗೆ ಹಾಡಿದವನ ಮನಸ್ಸಿನಲ್ಲಿ ಕೀರ್ತನೆಗಳು ಮನೆಯ ಮಕ್ಕಳಂತೆ ಓಡಾಡುತ್ತಿರುವುವು. ಒಂದನ್ನು ಕೂಗಿದರೆ ನಾಲ್ಕು ಬರುವುವು. ಈ ಸಂಪತ್ತನ್ನು ಗೀಗೋ ಎಲ್ಲರಿಗೂ ಇರುವುದೆಂದು ಭಾವಿಸಿ ಅದನ್ನು ಹೇಳುವ ಗೋಜಿಗೇ ಹೋಗಿಲ್ಲ. ಜೆರ್ವೇಸನಿಗೆ ಹೇಳಬೇಕಾದ ಅವಶ್ಯಕತೆಯೂ ಇರಲಿಲ್ಲ. ಆದರೆ ನಾಲ್ಕು ಪದಗಳನ್ನು ಕಿತ್ತುಕೊಂಡು ಈ ಕಾಲದ ಗೃಹಸ್ಥನ ಕೈಗೆ ಕೊಡುವವರು ಅದನ್ನು ಹೇಳಲೇಬೇಕಾಗಿತ್ತು. ಕಂಠಪಾಠವಿಲ್ಲದ ಮನಸ್ಸಿಗೆ ಒಂದು ವಾಕ್ಯವನ್ನು ಕೊಟ್ಟು ಮನನ ಮಾಡೆಂದರೆ ಅದು ಆ ವಾಕ್ಯದಿಂದ ಇನ್ನೊಂದು ವಾಕ್ಯಕ್ಕೆ ಹೋಗದೆ ತನ್ನ ನೆನ್ನೆಯ ಜಗಳಕ್ಕೂ ನಾಳೆಯ ಖರ್ಚಿಗೂ ಹೋಗುವುದು. ಪಠನವಿಲ್ಲದ ಮನನವು ದಾರಿತಪ್ಪುವುದೆಂದು ಗೀಗೋವೇ ಎಚ್ಚರಿಸಿರುವನು. ಹತ್ತು ನಿಮಿಷ ಓದು, ಹತ್ತು ನಿಮಿಷ ಮನನ ಎಂದು ಗಡಿಯಾರವನ್ನಿಟ್ಟು ಕಲಿಸುವ ಕೈಪಿಡಿಗಳು ಈ ಎಚ್ಚರಿಕೆಯನ್ನು ಗಮನಿಸಿದಂತೆ ತೋರುವುದಿಲ್ಲ.

ಮೂರನೆಯ ಮೆಟ್ಟಿಲಾದ ಪ್ರಾರ್ಥನೆಯ ಸ್ಥಾನವು ಸೂಕ್ಷ್ಮ ವಿಚಾರಕ್ಕೆ ಅರ್ಹವಾಗಿದೆ. ಗೀಗೋವಿನ ನಾಲ್ಕು ಮೆಟ್ಟಿಲುಗಳನ್ನು ಕೇಳಿದ ಕೂಡಲೇ ಭಾರತೀಯ ವಾಚಕರಿಗೆ ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಉಪದೇಶಿಸಿದ ಶ್ರವಣ ಮನನ ನಿದಿಧ್ಯಾಸನಗಳು ನೆನಪಾಗುವುದು ಸಹಜ. ಸಾಮ್ಯವು ನಿಜ, ಎರಡು ಕಡೆಯೂ ಹೊರಗಿನ ಶಬ್ದವು ಒಳಗಿನ ಅನುಭವವಾಗುವ ಕ್ರಮವಿದೆ, ಎರಡು ಕಡೆಯೂ ಶಬ್ದವನ್ನು ಬಿಟ್ಟು ಅನುಭವಕ್ಕೆ ಹಾರುವ ಆತುರವನ್ನು ತಡೆದಿದೆ. ಆದರೆ ಮನನಕ್ಕೂ ಕೊನೆಯ ಅನುಭವಕ್ಕೂ ನಡುವೆ ಗೀಗೋ ಇಟ್ಟಿರುವ ಪ್ರಾರ್ಥನೆಗೆ ಆ ತ್ರಿತಯದಲ್ಲಿ ಸಮಾನವಾದ ಸ್ಥಾನವಿಲ್ಲ. ಗೀಗೋವಿನಲ್ಲಿ ಮನನವು ದರ್ಶನವಾಗಿ ಪಕ್ವವಾಗುವುದಿಲ್ಲ. ಅದು ಒಂದು ಸೋಲಿನಲ್ಲಿ ಮುಗಿಯುತ್ತದೆ. ಹೃದಯಶುದ್ಧಿಯ ಸೊಗಸನ್ನು ಮನಸ್ಸು ಬಗೆಬಗೆಯಾಗಿ ಅರಿತುಕೊಂಡಿತು. ಅರಿತಷ್ಟೂ ಅದು ತನ್ನಲ್ಲಿ ಇಲ್ಲವೆಂಬುದು ಸ್ಪಷ್ಟವಾಯಿತು. ಸುಗಂಧವು ಮೂಗಿಗೆ ಬಡಿಯುತ್ತಿದೆ, ಸವಿಯು ನಾಲಗೆಗೆ ಸಿಕ್ಕದು. ಓದು ಮತ್ತು ಮನನ ಒಳ್ಳೆಯವರಿಗೂ ಕೆಟ್ಟವರಿಗೂ ಸಮಾನವಾಗಿ ಸಾಧ್ಯವೆಂದು ಗೀಗೋ ನಿರ್ದಾಕ್ಷಿಣ್ಯವಾಗಿ ಹೇಳಿಬಿಡುವನು. ಪ್ರಾಚೀನ ತತ್ತ್ವಜ್ಞರು ಬುದ್ಧಿಬಲದಿಂದ ಸತ್ಯವನ್ನು ಕಂಡೂ ಅದರ ಫಲವನ್ನು ಪಡೆಯಲಿಲ್ಲವೆಂದು ಪೌಲನ ರೋಮಾಪುರದವರ ಪತ್ರಿಕೆಯನ್ನು ಅನುಸರಿಸಿ ವಾದಿಸುವನು. ತತ್ತ್ವಜ್ಞರ ವಿಷಯದಲ್ಲಿ ಈ ತೀರ್ಪು ಕಠಿನವಾಯಿತೆನ್ನಬಹುದು. ಆದರೆ ಪ್ರಾರ್ಥನೆಯು ಹುಟ್ಟುವ ಜಾಗವನ್ನು ಅವನು ಗುರುತಿಸಿರುವ ರೀತಿ ಅಪೂರ್ವವಾದುದು. ಬಾವಿಯು ಆಳವಾಗಿದೆ, ಸೇದುವುದಕ್ಕೆ ಕೈಯಲ್ಲಿ ಏನೂ ಇಲ್ಲ. ಸಮಾರ್ಯದ ಹೆಂಗಸಿನಂತೆ ನೀರನ್ನು ಕೇಳುವುದೊಂದೇ ಉಳಿದ ದಾರಿ. ಹೀಗೆ ಪ್ರಾರ್ಥನೆಯೆಂಬುದು ಮನನದ ಮುಂದಿನ ಪ್ರೌಢಾಭ್ಯಾಸವಾಗಿರದೆ, ಮನನವು ಕೈಚೆಲ್ಲಿದಾಗ ಹೊರಡುವ ಕೂಗಾಗಿದೆ. ಇದನ್ನು ಮೇಲಿನ ಮೆಟ್ಟಿಲೆಂದು ಕರೆಯುವುದು ಹೇಗೆ? ಬೆನೆಡಿಕ್ಟನು ತನ್ನ ನಿಯಮದ ಏಳನೆಯ ಅಧ್ಯಾಯದಲ್ಲಿ ಯಾಕೋಬನ ಏಣಿಯನ್ನು ಕುರಿತು, ಅದರಲ್ಲಿ ಹತ್ತುವುದು ನಮ್ರತೆಯಿಂದ, ಇಳಿಯುವುದು ಅಹಂಕಾರದಿಂದ ಎಂದು ಅರ್ಥಮಾಡಿರುವನು. ಗೀಗೋವಿನ ಏಣಿಗೂ ಆ ಅರ್ಥವನ್ನೇ ಹೇಳಬೇಕಲ್ಲದೆ ಬೇರೆ ಗತಿಯಿಲ್ಲ.

ದರ್ಶನದ ವರ್ಣನೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಕಣ್ಣೀರೇ ಅದರ ಬರವಿನ ದೂತನೆಂದು ಗೀಗೋ ಹೇಳುವನು. ಪರಮಗೀತದ ವಧೂವರರ ಭಾಷೆಯನ್ನು ಎರವಲು ತಂದು ತನ್ನ ಕಾಲದ ರೂಢಿಗೆ ವಶನಾಗಿ ಮಾತನ್ನು ಸ್ವಲ್ಪ ಅತಿಯಾಗಿಯೇ ಸುರಿಯುವನು. ಅವನ ಪ್ರತಿಭೆಯು ಮತ್ತೆ ಬೆಳಗುವುದು ದರ್ಶನವು ತಪ್ಪಿಹೋದ ಮೇಲೆ. ವರನು ಬಂದನು, ಹೋದನು. ಈಗ ಆತ್ಮದ ಗತಿಯೇನು? ಉಪದೇಶದ ಧಾಟಿಯನ್ನು ಬಿಟ್ಟು ಗೀಗೋ ನೇರವಾಗಿ ಆತ್ಮವನ್ನು ಸಂಬೋಧಿಸಿ ಸಂತೈಸತೊಡಗುವನು. ಬಂದದ್ದೂ ಹೋದದ್ದೂ ನಿನ್ನ ಹಿತಕ್ಕಾಗಿಯೇ ಎಂಬುದು ಅವನ ಸಾಂತ್ವನದ ಸಾರ. ಸದಾ ಬಳಿಯಲ್ಲಿದ್ದರೆ ಗರ್ವ ಹುಟ್ಟುವುದು, ಸಂಗಡಿಗರನ್ನು ಹೀನವಾಗಿ ಕಾಣುವಂತಾಗುವುದು, ವರವಾಗಿ ಬಂದುದನ್ನು ಸ್ವಭಾವಸಿದ್ಧವೆಂದು ಬಗೆಯುವಂತಾಗುವುದು. ಪರದೇಶವನ್ನೇ ಸ್ವದೇಶವೆಂದು ನೆಚ್ಚಿ ಕುಳಿತುಬಿಡುವ ಅಪಾಯವೂ ಉಂಟು. ಪ್ರಾರ್ಥನೆಯು ಒಣಗಿದ ದಿನಗಳನ್ನು ಅನುಭವಿಸದ ಭಕ್ತನಿಲ್ಲ. ಆ ದಿನಗಳಲ್ಲಿ ಅವನಿಗೆ ಸಹಜವಾಗಿ ತೋರುವ ಅರ್ಥ ಒಂದೇ: ತನ್ನಲ್ಲಿ ಏನೋ ಕೆಟ್ಟಿದೆ, ಅಥವಾ ತಾನು ಕೂಗಿದ ಕಡೆ ಯಾರೂ ಇಲ್ಲ. ಗೀಗೋ ಮೂರನೆಯ ಅರ್ಥವೊಂದನ್ನು ತೋರಿಸಿಕೊಡುವನು. ಅದನ್ನು ಒಪ್ಪುವುದೂ ಬಿಡುವುದೂ ವಾಚಕನ ಶ್ರದ್ಧೆಗೆ ಸೇರಿದ್ದು. ಆದರೆ ಅದನ್ನು ಹೇಳಿರುವ ದನಿಯಲ್ಲಿ ಆ ಒಣದಿನಗಳನ್ನು ತಾನೇ ಕಳೆದವನ ಗುರುತಿದೆ.

ಇದರ ಮುಂದೆ, ಮೇಲಿನ ಮೆಟ್ಟಿಲಿಂದ ಮನುಷ್ಯನನ್ನು ಕೆಳಕ್ಕೆ ಎಳೆಯುವ ನಾಲ್ಕು ಕಾರಣಗಳನ್ನು ಎಣಿಸಿದೆ: ತಪ್ಪಿಸಲಾಗದ ಅಗತ್ಯ, ಸತ್ಕಾರ್ಯದ ಪ್ರಯೋಜನ, ಮಾನವದೌರ್ಬಲ್ಯ, ಲೋಕದ ವ್ಯಾಮೋಹ. ಮೊದಲನೆಯದು ಕ್ಷಮಾರ್ಹ, ಎರಡನೆಯದು ಸಹ್ಯ, ಮೂರನೆಯದು ಮರುಕಕ್ಕೆ ಪಾತ್ರ, ನಾಲ್ಕನೆಯದೊಂದೇ ದೂಷ್ಯವೆಂದು ಅವನ ನಿರ್ಣಯ. ಏಕಾಂತವನ್ನೇ ವ್ರತವಾಗಿ ಹಿಡಿದ ಕಾರ್ತೂಸಿಯನ್ ಸನ್ಯಾಸಿಯ ಲೇಖನಿಯಿಂದ ಬಂದ ಈ ತೀರ್ಪು ಎಷ್ಟು ಮೃದುವಾಗಿದೆಯೆಂಬುದನ್ನು ಗಮನಿಸಬೇಕು. ಅಳುವ ಮಗುವಿಗಾಗಿ ಪ್ರಾರ್ಥನೆಯಿಂದ ಎದ್ದ ತಾಯಿಯೂ, ದಣಿದು ಪುಸ್ತಕದ ಮೇಲೆ ನಿದ್ದೆಹೋದ ಕೂಲಿಯವನೂ ಮೊದಲನೆಯ ಮತ್ತು ಮೂರನೆಯ ವರ್ಗಗಳಿಗೆ ಸೇರುವರು. ಇಬ್ಬರಲ್ಲಿ ಯಾರಿಗೂ ಅವನು ಶಿಕ್ಷೆಯನ್ನು ವಿಧಿಸಿಲ್ಲ. ದುರ್ಬಲವಾದ ಕಣ್ಣು ಬೆಳಕನ್ನು ಬಹುಹೊತ್ತು ನೋಡಲಾರದು, ಆಗ ಸಾವಧಾನವಾಗಿ ಕೆಳಗಿನ ಮೂರರಲ್ಲಿ ಒಂದಕ್ಕೆ ಇಳಿದು, ಕಾಲದೇಶಗಳಿಗೆ ತಕ್ಕಂತೆ ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ತಂಗಬಹುದೆಂದು ಅವನ ಸಲಹೆ. ಹೀಗೆ ಬೇಕಾದಂತೆ ಇಳಿದು ಹತ್ತಿ ತಂಗುವುದಾದರೆ ಅದು ಏಣಿಯೆನ್ನುವುದಕ್ಕಿಂತ ಮನೆಯೆಂದರೆ ಹೆಚ್ಚು ಒಪ್ಪುವುದು. ರೂಪಕವು ಕರ್ತೃವಿನ ಕೈಯಲ್ಲಿಯೇ ಸಡಿಲವಾಗಿರುವುದು ಇಲ್ಲಿ ಸ್ಪಷ್ಟ.

ಪತ್ರದ ನಂತರದ ಚರಿತ್ರೆಯಲ್ಲಿ ಎರಡು ಘಟ್ಟಗಳನ್ನು ಮಾತ್ರ ನೋಡಿದರೆ ಸಾಕು. ಮಠದಲ್ಲಿ ಬೆಳೆದು ಮಠವನ್ನು ಬಿಟ್ಟ ಲೂಥರನು ೧೫೩೯ರಲ್ಲಿ ತನ್ನ ಜರ್ಮನ್ ಕೃತಿಗಳ ಮುನ್ನುಡಿಯಲ್ಲಿ ಶಾಸ್ತ್ರಾಧ್ಯಯನಕ್ಕೆ ಮೂರು ಸೂತ್ರಗಳನ್ನು ಕೊಟ್ಟನು: ಒರಾತಿಯೋ, ಮೆದಿತಾತಿಯೋ, ತೆಂತಾತಿಯೋ. ಪ್ರಾರ್ಥನೆಯು ಮೊದಲಿಗೆ ಬಂದಿದೆ. ಮನನವನ್ನು ಹೃದಯದಲ್ಲಿ ಮಾತ್ರವಲ್ಲದೆ ಬಾಯಿಂದಲೂ ಮತ್ತೆ ಮತ್ತೆ ನುಡಿದು ಮಾಡಬೇಕೆಂದು ಹೇಳಿದೆ. ದರ್ಶನವಿದ್ದ ಜಾಗದಲ್ಲಿ ಶೋಧನೆ, ಅಂದರೆ ಕಷ್ಟಸಂಕಟಗಳ ಒರೆಗಲ್ಲು, ಬಂದು ಕುಳಿತಿದೆ. ಮಠದ ಗೋಡೆಯ ಹೊರಗೆ ಶಾಸ್ತ್ರವು ನಿಜವೆಂದು ತಿಳಿಯುವುದು ಸವಿಯಿಂದಲ್ಲ, ಪೆಟ್ಟಿನಿಂದ ಎಂಬುದು ಅವನ ಅಭಿಪ್ರಾಯವೆಂದು ತೋರುವುದು. ಇದಕ್ಕೆ ನಾಲ್ಕು ವರ್ಷಗಳ ಹಿಂದೆ, ೧೫೩೫ರಲ್ಲಿ, ಪ್ರಾರ್ಥಿಸುವ ಬಗೆಯನ್ನು ತಿಳಿಸೆಂದು ಕೇಳಿದ ತನ್ನ ಕ್ಷೌರಿಕ ಪೀಟರನಿಗಾಗಿ ಅವನು ಒಂದು ಪುಸ್ತಿಕೆಯನ್ನು ಬರೆದನು. ಒಳ್ಳೆಯ ಕ್ಷೌರಿಕನ ಗಮನವು ಕತ್ತಿಯ ಮೇಲೂ ಕೂದಲಿನ ಮೇಲೂ ಇರಬೇಕಲ್ಲದೆ ಹರಟೆಯ ಕಡೆ ಹರಿದರೆ ಗಿರಾಕಿಯ ಮೂಗಿಗೂ ಕೊರಳಿಗೂ ಅಪಾಯವೆಂಬ ಹೋಲಿಕೆಯಿಂದ ಪ್ರಾರ್ಥನೆಯ ಏಕಾಗ್ರತೆಯನ್ನು ಅಲ್ಲಿ ವಿವರಿಸಿರುವನು. ಗೀಗೋವಿನ ದ್ರಾಕ್ಷಿಗಿಂತ ಈ ಕತ್ತಿಯು ಸಾಮಾನ್ಯನ ಬಾಳಿಗೆ ಹತ್ತಿರವಾಗಿದೆಯೆಂಬುದನ್ನು ಒಪ್ಪಲೇಬೇಕು.

ಎರಡನೆಯ ಘಟ್ಟವು ರೋಮನ್ ಕ್ಯಾಥೊಲಿಕ್ ಸಭೆಗೆ ಸೇರಿದ್ದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೫ರ ನವೆಂಬರಿನಲ್ಲಿ ಹೊರಡಿಸಿದ ದೈವಪ್ರಕಟನೆಯ ಶಾಸನದಲ್ಲಿ ಶಾಸ್ತ್ರಪಠನವನ್ನು ಸನ್ಯಾಸಿಗಳಿಗೆ ಮಾತ್ರವಲ್ಲದೆ ಸಕಲ ವಿಶ್ವಾಸಿಗಳಿಗೂ ಶಿಫಾರಸು ಮಾಡಿ, ಪಠನದೊಡನೆ ಪ್ರಾರ್ಥನೆಯೂ ಇರಬೇಕೆಂದು ಹೇಳಿತು. ೨೦೧೦ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪರು ದೇವವಾಕ್ಯವನ್ನು ಕುರಿತು ಬರೆದ ಪ್ರಬೋಧನಪತ್ರದಲ್ಲಿ ಗೀಗೋವಿನ ನಾಲ್ಕು ಹಂತಗಳನ್ನು ವಿವರಿಸಿ, ಕ್ರಿಯೆಯಲ್ಲಿ ಪರಿಣಮಿಸುವವರೆಗೆ ಪಠನವು ಮುಗಿಯಿತೆನ್ನಲಾಗದೆಂದು ಐದನೆಯದೊಂದನ್ನು ಸೇರಿಸಿದರು. ಗೀಗೋ ಸತ್ಕಾರ್ಯವನ್ನು ಕೆಳಗಿಳಿಸುವ ಕಾರಣಗಳಲ್ಲಿ ಎಣಿಸಿದ್ದನು. ಇಲ್ಲಿ ಅದೇ ಕೊನೆಯ ಹಂತವಾಗಿದೆ. ಏಣಿಯ ರೂಪಕದಲ್ಲಿ ಇದು ಕೂಡದ ಮಾತು: ನಾಲ್ಕು ಮೆಟ್ಟಿಲು ಹತ್ತಿದವನಿಗೆ ಐದನೆಯ ಮೆಟ್ಟಿಲು ನೆಲದ ಮೇಲೆ ಸಿಕ್ಕುವುದು ಹೇಗೆ? ಊಟದ ರೂಪಕದಲ್ಲಿಯಾದರೋ ಇದಕ್ಕಿಂತ ಸಹಜವಾದುದಿಲ್ಲ. ಉಣ್ಣುವುದು ದುಡಿಯುವುದಕ್ಕೆ. ಅರಸುಗಳ ಮೊದಲನೆಯ ಗ್ರಂಥದಲ್ಲಿ ಸಾಯಬಯಸಿ ಮಲಗಿದ ಎಲೀಯನು ದೂತನು ಇಟ್ಟ ರೊಟ್ಟಿಯನ್ನು ತಿಂದು ಅದರ ಬಲದಿಂದ ನಾಲ್ವತ್ತು ದಿನ ನಡೆದನೆಂದಿದೆ.

ಇಷ್ಟಾದ ಮೇಲೂ ಕಂಠಪಾಠದ ಪ್ರಶ್ನೆಯು ಉಳಿದೇ ಇದೆ. ಇಡೀ ಕೀರ್ತನಸಂಪುಟವನ್ನು ಬಾಯಲ್ಲಿ ಇಟ್ಟುಕೊಳ್ಳಲಾರದವನು ಮೆಲುಕು ಹಾಕುವುದು ಏನನ್ನು? ಇದಕ್ಕೆ ಉತ್ತರವು ಗೀಗೋವಿಗಿಂತ ಏಳು ಶತಮಾನಗಳ ಹಿಂದಿನ ಕಾಸ್ಸಿಯನ್ ಎಂಬ ಗ್ರಂಥಕಾರನಲ್ಲಿ ದೊರೆಯುವುದು. ಐಗುಪ್ತದ ಮರುಭೂಮಿಯ ಸನ್ಯಾಸಿಗಳೊಡನೆ ನಡೆದ ಸಂವಾದಗಳನ್ನು ಅವನು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಹತ್ತನೆಯದರಲ್ಲಿ ಐಸಾಕನೆಂಬ ವೃದ್ಧನು, ದೇವರೇ ಬೇಗ ಬಂದು ಸಹಾಯಮಾಡೆಂದು ಕರೆಯುವ ೭೦ನೆಯ ಕೀರ್ತನೆಯ ಆರಂಭದ ಒಂದು ವಾಕ್ಯವನ್ನು ಮಾತ್ರ ಕೊಟ್ಟು, ಅದನ್ನು ಕೆಲಸದಲ್ಲಿಯೂ ಪ್ರಯಾಣದಲ್ಲಿಯೂ ಊಟದಲ್ಲಿಯೂ ನಿದ್ದೆಗೆ ಜಾರುವಾಗಲೂ ಬಿಡಬೇಡವೆಂದು ಹೇಳುವನು. ಕೋಪ ಬಂದಾಗ ಅದೇ, ಬೇಸರ ಬಂದಾಗ ಅದೇ, ಸಂತೋಷವು ಉಕ್ಕಿದಾಗಲೂ ಅದೇ. ಬಡವನಿಗೂ ನಿರಕ್ಷರಿಗೂ ಎಟುಕುವ ಒಂದು ತುತ್ತು ಇದು. ಗೀ‍ಗೋವಿನ ಪತ್ರವನ್ನು ಗೃಹಸ್ಥರಿಗೆ ಪರಿಚಯಮಾಡಿಕೊಡುವವರು ಇದನ್ನು ಅದರ ಪಕ್ಕದಲ್ಲಿಯೇ ಇಟ್ಟು ಬೋಧಿಸಿದ್ದರೆ ಎಷ್ಟೋ ನಿರಾಶೆಯು ತಪ್ಪುತ್ತಿತ್ತು.

ಪತ್ರದ ಆದಿಯನ್ನೂ ಅಂತ್ಯವನ್ನೂ ಒಟ್ಟಿಗೆ ಓದಬೇಕು. ಆರಂಭದಲ್ಲಿ ಗೀಗೋ, ತಾನು ಆಲೋಚಿಸಿ ತಿಳಿದುದನ್ನು ಜೆರ್ವೇಸನು ಅನುಭವದಿಂದ ಬಲ್ಲನಾದುದರಿಂದ ತನ್ನ ಮಾತುಗಳನ್ನು ಅವನೇ ಪರೀಕ್ಷಿಸಿ ತಿದ್ದಬೇಕೆಂದು ಕೇಳಿಕೊಂಡಿರುವನು. ಇದನ್ನು ಪತ್ರಲೇಖನದ ಉಪಚಾರವೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಕೊನೆಯ ಸಾಲುಗಳಲ್ಲಿ ಅದೇ ಧ್ವನಿಯು ಮರಳುತ್ತದೆ: ಏಣಿಯ ತುದಿಯನ್ನು ಮುಟ್ಟುವ ಭಾಗ್ಯವು ಒದಗಿದಾಗ ತನ್ನನ್ನು ನೆನೆದು ತನಗಾಗಿ ಪ್ರಾರ್ಥಿಸಬೇಕೆಂದು ಅವನು ಜೆರ್ವೇಸನನ್ನು ಬೇಡುವನು. ನಾಲ್ಕು ಮೆಟ್ಟಿಲುಗಳನ್ನು ಅಳೆದು ಕಟ್ಟಿದವನು ಪತ್ರವನ್ನು ಮುಗಿಸುವಾಗ ಏಣಿಯ ಬುಡದಲ್ಲಿ ನಿಂತು ಮೇಲಕ್ಕೆ ನೋಡುತ್ತಿರುವನು.